ಮೂರು ಕಾಲಿನ ಭಾರ

ಕೈಯ ನಡುಕವನ್ನು ತಾನೇ ಅರಿತು, ಒಡಲೊಳಗಿನ ಸೆನ್ಸರನ್ನು ಅತ್ತಿತ್ತ ಸರಿಸಿ, ಚಿತ್ರ ಕದಡದಂತೆ ನೋಡಿಕೊಳ್ಳುವ ಜಾಣ ಕ್ಯಾಮರಾಗಳು ಬಂದಿರುವ ಈ ಕಾಲದಲ್ಲಿ, ಎರಡು ಕಿಲೋಗ್ರಾಂ ತೂಕದ ಟ್ರೈಪಾಡನ್ನು ಹೆಗಲಿಗೇರಿಸಿಕೊಂಡು ಗುಡ್ಡ ಹತ್ತುವ ಛಾಯಾಗ್ರಾಹಕನನ್ನು ಕಂಡು ಜೊತೆಯ ಚಾರಣಿಗರು ಮರುಕಪಡುವುದುಂಟು. ಆ ಮರುಕ ತೀರ ಅಸ್ಥಾನವಾದುದೆಂದು ಹೇಳಲಾರೆ. ನಡುಹಗಲ ಬಿಸಿಲಿನಲ್ಲಿ 1/500 ಸೆಕೆಂಡಿನೊಳಗೆ ಮುಗಿದುಹೋಗುವ ಚಿತ್ರಕ್ಕೆ ಮುಕ್ಕಾಲಿಯ ಹಂಗೇ ಬೇಡ. ಮಬ್ಬು ಬೆಳಕಿನಲ್ಲಿಯೂ ಕ್ಯಾಮರಾವನ್ನು ಕೈಯಲ್ಲಿಯೇ ಹಿಡಿದು ಒಪ್ಪವಾದ ಚಿತ್ರ ತೆಗೆಯುವವರು ಇಂದು ಬೇಕಾದಷ್ಟು ಮಂದಿ ಇದ್ದಾರೆ. ಆದರೂ, ಮಳೆಗಾಲದ ಜಲಪಾತದ ನೀರು ಬಿಡಿಬಿಡಿ ಹನಿಗಳಾಗಿ ಸಿಡಿಯದೆ ಒಂದೇ ಅಖಂಡ ಧಾರೆಯಾಗಿ ಇಳಿಯುವಂತೆ ತೋರಿಸಬಯಸುವವನಿಗೆ, ಸೂರ್ಯ ಮುಳುಗಿದ ಮೇಲೆ ಗಿರಿಶ್ರೇಣಿಯ ಅಂಚಿನಲ್ಲಿ ಕೆಲವು ನಿಮಿಷ ಮಾತ್ರ ಉಳಿಯುವ ಕೆಂಪನ್ನು ಹಿಡಿಯಬಯಸುವವನಿಗೆ, ಊರದೀಪಗಳಿಂದ ದೂರವಾದ ಬಯಲಿನಲ್ಲಿ ಆಕಾಶಗಂಗೆಯ ಚಿತ್ರವನ್ನು ಬಯಸುವವನಿಗೆ ಇಂದಿಗೂ ಬೇರೆ ಗತಿಯಿಲ್ಲ. ಆದುದರಿಂದ ಟ್ರೈಪಾಡು ಬೇಕೆ ಬೇಡವೆ ಎಂಬ ಚರ್ಚೆಯನ್ನು ಇಲ್ಲಿಗೇ ಬಿಡೋಣ. ನಿಜವಾದ ಪ್ರಶ್ನೆಯಿರುವುದು ಅದರ ಭಾರದಲ್ಲಿ: ಆ ಭಾರವನ್ನು ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಕೂಡದು ಎಂಬುದರಲ್ಲಿ.

ಮೂರು ಬಿಂದುಗಳು ಎಲ್ಲಿಯೇ ಇರಲಿ, ಅವು ಒಂದೇ ನೇರ ಗೆರೆಯಲ್ಲಿ ಇಲ್ಲದಿದ್ದರಾಯಿತು, ಅವುಗಳ ಮೂಲಕ ಒಂದೇ ಒಂದು ಸಮತಲ ಹಾಯುತ್ತದೆಯೆಂಬ ರೇಖಾಗಣಿತದ ಸತ್ಯವೇ ಈ ಉಪಕರಣದ ಆಧಾರ. ನಾಲ್ಕು ಕಾಲಿನ ಕುರ್ಚಿ ಹೊಂಡ ದಿಣ್ಣೆಗಳ ನೆಲದ ಮೇಲೆ ಒಂದು ಕಾಲನ್ನೆತ್ತಿ ಕುಂಟುತ್ತದೆ. ಮೂರು ಕಾಲಿನದು ಎಂಥ ನೆಲದ ಮೇಲೂ ಕುಂಟದು. ಆದರೆ ಕುಂಟದಿರುವುದೇ ಸ್ಥಿರತೆಯಲ್ಲ. ಸ್ಥಿರತೆಯೆಂಬ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಬೇರೆ ಗುಣಗಳನ್ನು ಕೂಡಿಸಿ ಹೇಳುತ್ತೇವೆ. ಒಂದು, ಉರುಳದಿರುವುದು, ಇನ್ನೊಂದು, ನಡುಗದಿರುವುದು. ಮೊದಲನೆಯದು ಸುಲಭ: ಕ್ಯಾಮರಾದ ಗುರುತ್ವಕೇಂದ್ರದಿಂದ ನೇರ ಕೆಳಗಿಳಿದ ರೇಖೆ ಮೂರು ಪಾದಗಳ ತ್ರಿಕೋನದೊಳಗೆ ಬೀಳುವಂತಿದ್ದರೆ ಸಾಕು, ಅಗ್ಗದ ಟ್ರೈಪಾಡೂ ಉರುಳದೆ ನಿಲ್ಲುತ್ತದೆ. ಎರಡನೆಯದಕ್ಕಾಗಿಯೇ ನಾವು ಹಣವನ್ನೂ ಬೆವರನ್ನೂ ತೆರುವುದು.

ಈ ನಡುಕ ಎಷ್ಟು ಸೂಕ್ಷ್ಮವಾದುದೆಂಬುದನ್ನು ಲೆಕ್ಕ ಹಾಕಿ ನೋಡಿದವರು ವಿರಳ. 36 ಮಿಲಿಮೀಟರ್ ಅಗಲದ ಸೆನ್ಸರಿನಲ್ಲಿ ಅಡ್ಡಸಾಲಿಗೆ 6000 ಪಿಕ್ಸೆಲ್‌ಗಳಿದ್ದರೆ ಒಂದೊಂದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಆರು ಪಾಲು. 200 ಮಿಲಿಮೀಟರ್ ಸಂಗಮದೂರದ ಟೆಲಿ ಲೆನ್ಸನ್ನು ಹಾಕಿದಾಗ, ಚಿತ್ರ ಒಂದು ಪಿಕ್ಸೆಲ್‌ನಷ್ಟು ಸರಿಯಬೇಕಾದರೆ ಕ್ಯಾಮರಾ ಒಂದು ರೇಡಿಯನ್ನಿನ ಹತ್ತು ಲಕ್ಷದಲ್ಲಿ ಮೂವತ್ತು ಪಾಲಿನಷ್ಟು ಓಲಿದರೆ ಸಾಕು. ಇದನ್ನೇ ನೆಲದ ಮಾತಿಗಿಳಿಸಿ ಹೇಳುವುದಾದರೆ, ಪಾದಗಳ ನಡುವೆ ಸುಮಾರು ಒಂದು ಮೀಟರ್ ಅಂತರವಿರುವ ಟ್ರೈಪಾಡಿನ ಒಂದು ಕಾಲು 0.03 ಮಿಲಿಮೀಟರಿನಷ್ಟು, ಎಂದರೆ ತಲೆಗೂದಲಿನ ದಪ್ಪದ ಅರ್ಧಕ್ಕಿಂತಲೂ ಕಡಿಮೆ, ಮೇಲೆದ್ದರೂ ಚಿತ್ರದ ಮೊನಚು ಕೆಡಲು ತೊಡಗುತ್ತದೆ. ಕಣ್ಣಿಗೆ ಕಾಣದ, ಕೈಗೆ ತಿಳಿಯದ ಚಲನೆಯಿದು. ಅಂಗಡಿಯಲ್ಲಿ ಟ್ರೈಪಾಡನ್ನು ಹಿಡಿದು ಒಮ್ಮೆ ಅಲುಗಿಸಿ, ‘ಗಟ್ಟಿಯಾಗಿದೆ’ ಎಂದು ತೃಪ್ತಿಪಡುವವರ ಪರೀಕ್ಷೆ ಎಷ್ಟು ಒರಟಾದುದೆಂಬುದು ಇದರಿಂದ ವಿಶದವಾದೀತು.

ಅದೇ ಟ್ರೈಪಾಡಿನ ಮೇಲೆ 20 ಮಿಲಿಮೀಟರ್ ಲೆನ್ಸನ್ನು ಕೂರಿಸಿದರೆ ಮೇಲೆ ಹೇಳಿದ ಸೈರಣೆ ಹತ್ತು ಪಟ್ಟು ಹಿಗ್ಗುತ್ತದೆ. ನಕ್ಷತ್ರಗಳ ಚಿತ್ರಕ್ಕೆ ಸಾಮಾನ್ಯವಾಗಿ ಬಳಸುವುದು ಇಂಥ ಅಗಲ ನೋಟದ ಲೆನ್ಸನ್ನೇ. ಅಲ್ಲಿ 20 ಸೆಕೆಂಡು ಶಟರ್ ತೆರೆದಿಡುವಷ್ಟರಲ್ಲಿ ಭೂಭ್ರಮಣದ ಕಾರಣದಿಂದ ಆಕಾಶವೇ ನಾಲ್ಕೈದು ಪಿಕ್ಸೆಲ್ ಸರಿದಿರುತ್ತದೆಯಾದ ಕಾರಣ, ಮುಕ್ಕಾಲಿಯಿಂದ ನಿಷ್ಕಂಪತೆಯ ಪರಾಕಾಷ್ಠೆಯನ್ನು ಬಯಸುವುದರಲ್ಲಿ ಅರ್ಥವಿಲ್ಲ. ತಾರೆಗಳನ್ನು ಹಿಡಿಯುವವನಿಗೆ ಒಂದು ಕಿಲೋಗ್ರಾಂ ತೂಕದ ಸಣ್ಣ ಟ್ರೈಪಾಡೇ ಧಾರಾಳವಾಗಿ ಸಾಕು. ದೂರದ ಹಕ್ಕಿಯನ್ನು ಹಿಡಿಯುವವನಿಗೆ ಅದರ ಎರಡು ಮೂರು ಪಟ್ಟು ತೂಕದ್ದೂ ಕೆಲವೊಮ್ಮೆ ಸಾಲದು. ಆದಕಾರಣ ಟ್ರೈಪಾಡು ಕೊಳ್ಳಹೊರಟವನು ಮೊದಲು ನೋಡಬೇಕಾದುದು ತನ್ನಲ್ಲಿರುವ ಅತ್ಯಂತ ಉದ್ದದ ಲೆನ್ಸನ್ನು, ಮತ್ತು ಅದನ್ನು ತಾನು ನಿಜವಾಗಿ ಮುಕ್ಕಾಲಿಯ ಮೇಲೆ ಎಷ್ಟು ಸಲ ಏರಿಸುತ್ತಾನೆಂಬುದನ್ನು.

ಇನ್ನೊಂದು ಸಂಗತಿಯೂ ಇದಕ್ಕೆ ಹೊಂದಿಕೊಂಡೇ ಇದೆ. ಶಟರ್ ಅತ್ಯಲ್ಪ ಕಾಲ ಮಾತ್ರ ತೆರೆದಿದ್ದರೆ ನಡುಕ ಚಿತ್ರದಲ್ಲಿ ಮೂಡಲು ಅವಕಾಶವೇ ಇರುವುದಿಲ್ಲ. ಅರ್ಧ ನಿಮಿಷ ತೆರೆದಿದ್ದರೆ ಮೊದಲ ಕ್ಷಣದ ನಡುಕ ಆ ದೀರ್ಘಾವಧಿಯಲ್ಲಿ ಕರಗಿಹೋಗುತ್ತದೆ. ಕಿಡಿಗೇಡಿತನವೆಲ್ಲ ಇವೆರಡರ ನಡುವೆ, ಸುಮಾರು 1/60 ಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನ ಪ್ರದೇಶದಲ್ಲಿ ನಡೆಯುತ್ತದೆ. ನಮ್ಮ ಮಲೆನಾಡಿನ ಜಲಪಾತಗಳ ಚಿತ್ರಕ್ಕೆ ಬೇಕಾದ ಶಟರ್ ವೇಗ ಇದೇ ಪ್ರದೇಶದಲ್ಲಿ ಬೀಳುತ್ತದೆಂಬುದು ಛಾಯಾಗ್ರಾಹಕನ ಪಾಲಿಗೆ ಬಂದ ಒಂದು ವಿಧಿವಿಲಾಸ. ನೀರು ಹರಿವಿನ ರೂಪ ತಾಳಬೇಕು, ಆದರೆ ತನ್ನ ಎಳೆಗಳನ್ನು ಪೂರ್ತಿ ಕಳೆದುಕೊಳ್ಳಬಾರದು ಎಂದರೆ ಸೆಕೆಂಡಿನ ಕಾಲು ಪಾಲಿನಿಂದ ಒಂದು ಸೆಕೆಂಡಿನೊಳಗೇ ಕೆಲಸ ಮುಗಿಯಬೇಕು. 253 ಮೀಟರ್ ಕೆಳಕ್ಕೆ ಧುಮುಕುವ ಜೋಗದ ಕಮರಿಯಿಂದ ತುಂತುರನ್ನು ಹೊತ್ತು ಮೇಲೇಳುವ ಗಾಳಿ, ಆಷಾಢದ ದಿನಗಳಲ್ಲಿ, ಒಂದು ನಿಮಿಷ ಸುಮ್ಮನಿರುವುದಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಮಡಿಯಾಗುತ್ತದೆ. ಮಳೆಯಿಂದ ಕ್ಯಾಮರಾವನ್ನು ಕಾಪಾಡಲು ಕೊಡೆಯನ್ನು ಟ್ರೈಪಾಡಿಗೇ ಕಟ್ಟುವವರುಂಟು. ಅದು ಗಾಳಿಗೆ ಕೈಹಿಡಿ ಕೊಟ್ಟಂತಾಗುತ್ತದೆಯಾಗಿ, ಕೊಡೆಯನ್ನು ಜೊತೆಯವರ ಕೈಗೆ ಕೊಡುವುದು ಲೇಸು. ಪಟಪಟನೆ ಬಡಿದುಕೊಳ್ಳುವ ಕ್ಯಾಮರಾದ ಕೊರಳಪಟ್ಟಿಯನ್ನೂ ಆ ಹೊತ್ತಿಗೆ ಬಿಚ್ಚಿಡತಕ್ಕದ್ದು.

ಈಗ ಕಾಲುಗಳ ವಿಚಾರ. ಹಲಸಿನಕಾಯಿ ಕೊಯ್ಯುವ ದೋಟಿಯನ್ನು ಹಿಡಿದವರಿಗೆ ಗೊತ್ತು: ಬುಡದಲ್ಲಿ ಅಲುಗದ ಗಳ ತುದಿಯಲ್ಲಿ ತೊನೆಯುತ್ತದೆ, ಉದ್ದ ಹೆಚ್ಚಿದಷ್ಟೂ, ಗಳ ಸಣಕಲಾದಷ್ಟೂ ಆ ತೊನೆತ ಮಿತಿಮೀರುತ್ತದೆ. ಟೊಳ್ಳು ಕೊಳವೆಯ ದಾರ್ಢ್ಯಕ್ಕೂ ಇದೇ ನ್ಯಾಯ ಸಲ್ಲುತ್ತದೆ, ಮತ್ತು ಅದರ ಗಣಿತ ಬಹು ಸ್ವಾರಸ್ಯವಾದುದು. ಗೋಡೆಯ ದಪ್ಪ ಒಂದೇ ಆಗಿರುವ ಎರಡು ತೆಳುಗೋಡೆಯ ಕೊಳವೆಗಳಲ್ಲಿ, ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 28 ಮಿಲಿಮೀಟರ್ ವ್ಯಾಸದ ಕೊಳವೆಯ ಬದಲಿಗೆ 22 ಮಿಲಿಮೀಟರ್ ವ್ಯಾಸದ್ದನ್ನು ಆರಿಸಿಕೊಂಡವನು ತೂಕದಲ್ಲಿ ಐದನೆಯ ಒಂದು ಪಾಲನ್ನು ಉಳಿಸುತ್ತಾನೆ. ಆದರೆ ದಾರ್ಢ್ಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತಾನೆ. ಇದಕ್ಕೆ ಪ್ರತಿಯಾಗಿ, ಕೊಳವೆಯ ವ್ಯಾಸವನ್ನು ಹಾಗೆಯೇ ಇಟ್ಟುಕೊಂಡು ಉದ್ದವನ್ನು 150 ಸೆಂಟಿಮೀಟರಿನಿಂದ 120ಕ್ಕೆ ಇಳಿಸಿದವನೂ ತೂಕದಲ್ಲಿ ಅದೇ ಐದನೆಯ ಒಂದು ಪಾಲನ್ನು ಉಳಿಸುತ್ತಾನೆ. ಬಾಗುವಿಕೆ ಉದ್ದದ ಘನವನ್ನು ಅನುಸರಿಸುವುದರಿಂದ, ಅವನ ಕಾಲುಗಳು ಮೊದಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಬಿಗಿಯಾಗುತ್ತವೆ. ಉಳಿತಾಯ ಇಬ್ಬರಿಗೂ ಸಮ; ಒಬ್ಬನು ಅದಕ್ಕಾಗಿ ದಂಡ ತೆರುತ್ತಾನೆ, ಇನ್ನೊಬ್ಬನಿಗೆ ಬಹುಮಾನ ಸಿಗುತ್ತದೆ. ಹಗುರವಾದ ಟ್ರೈಪಾಡನ್ನು ಅರಸುವವರಿಗೆ ನಾನು ಹೇಳಬೇಕೆಂದಿರುವ ಮಾತಿನ ತಿರುಳು ಇಷ್ಟೇ: ಭಾರವನ್ನು ಎತ್ತರದಲ್ಲಿ ಇಳಿಸಿ, ದಪ್ಪದಲ್ಲಿ ಇಳಿಸಬೇಡಿ.

ಆದರೆ ಮಾರುಕಟ್ಟೆ ನಡೆಯುವುದು ಇದಕ್ಕೆ ವಿರುದ್ಧವಾದ ದಾರಿಯಲ್ಲಿ. ಮಡಿಸಿದಾಗ ಮೊಳದುದ್ದವಾಗಿ ಚೀಲದೊಳಗೆ ಅಡಗಬೇಕು, ಬಿಚ್ಚಿದಾಗ ಆಳೆತ್ತರ ನಿಲ್ಲಬೇಕು ಎಂಬ ಎರಡು ಆಸೆಗಳನ್ನು ಒಟ್ಟಿಗೇ ಪೂರೈಸಬೇಕಾದರೆ, ಸೆಕ್ಷನ್ ಎಂದು ಅಂಗಡಿಯವರು ಕರೆಯುವ ಖಂಡಗಳ ಸಂಖ್ಯೆಯನ್ನು ಹೆಚ್ಚಿಸದೆ ಉಪಾಯವಿಲ್ಲ. ಒಂದು ಕೊಳವೆಯೊಳಗೆ ಇನ್ನೊಂದು ಅಡಗಬೇಕಾದುದರಿಂದ ಪ್ರತಿ ಖಂಡವೂ ಮೇಲಿನದಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಸಣ್ಣದಾಗುತ್ತ ಹೋಗಿ, ಐದು ಖಂಡಗಳ ಕಾಲಿನ ಕೊನೆಯ ಕೊಳವೆ ಕಿರುಬೆರಳಿನಷ್ಟೇ ಉಳಿಯುತ್ತದೆ. ಇಡೀ ಭಾರ ಕೊನೆಗೆ ಹಾಯ್ದುಹೋಗುವುದು ಆ ಕಿರುಬೆರಳಿನ ಮೂಲಕ. ಖಂಡಗಳು ಹೆಚ್ಚಿದಂತೆ ಬೀಗಗಳೂ ಹೆಚ್ಚುತ್ತವೆ, ಬೀಗ ಹೆಚ್ಚಿದಂತೆ ಸಡಿಲವಾಗಬಲ್ಲ ಕೀಲುಗಳೂ ಹೆಚ್ಚುತ್ತವೆ. ಮೂರು ಖಂಡಗಳ ಕಾಲು ಅತ್ಯಂತ ಬಿಗಿ, ಆದರೆ ಬಸ್ಸಿನ ಸೀಟಿನ ಕೆಳಗೆ ಹಿಡಿಯದು. ನಾಲ್ಕು ಖಂಡಗಳದು ನಡುವಣ ಹಾದಿ. ಕೊನೆಯ ಖಂಡವನ್ನು ಎಳೆಯದೆಯೇ ಕೆಲಸ ಸಾಗುವಂತಿದ್ದರೆ ಐದು ಖಂಡಗಳದ್ದನ್ನೂ ಕೊಳ್ಳಬಹುದು, ಅಲ್ಲಿಗೆ ಅದು ನಾಲ್ಕು ಖಂಡಗಳದೇ ಆಯಿತು.

ಎತ್ತರ ಎಷ್ಟಿರಬೇಕೆಂಬುದಕ್ಕೆ ಅವರವರ ಕಣ್ಣೇ ಪ್ರಮಾಣ. ಐದು ಅಡಿ ಐದು ಅಂಗುಲದ ಮನುಷ್ಯನ ಕಣ್ಣು ನೆಲದಿಂದ ಸುಮಾರು 153 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದರಲ್ಲಿ ಟ್ರೈಪಾಡಿನ ತಲೆಗೆ ಹತ್ತು, ಕ್ಯಾಮರಾದ ತಳದಿಂದ ವ್ಯೂಫೈಂಡರಿನವರೆಗೆ ಎಂಟು ಕಳೆದರೆ, ಕಾಲುಗಳು 135 ಸೆಂಟಿಮೀಟರಿಗೆ ಏರಿದರೆ ಬೆನ್ನು ಬಾಗಿಸದೆ ಕೆಲಸ ಮಾಡಬಹುದು. ಇಳಿಜಾರಿನಲ್ಲಿ ತಗ್ಗಿನ ಕಡೆಯ ಕಾಲುಗಳಿಗೆ ಇನ್ನೂ ಒಂದು ಗೇಣು ಬೇಕಾಗುತ್ತದೆ. ಆದರೆ ಹಿಂಬದಿಯ ಪರದೆಯನ್ನು ಮೇಲ್ಮುಖವಾಗಿ ಮಡಿಸಿ ನೋಡುವ ಸೌಕರ್ಯವುಳ್ಳ ಕ್ಯಾಮರಾ ಇದ್ದವನಿಗೆ 120 ಸೆಂಟಿಮೀಟರ್ ಸಾಕು. ನಿಸರ್ಗದೃಶ್ಯಗಳಲ್ಲಿ ಬಹುಪಾಲು ಸೊಂಟದ ಎತ್ತರದಿಂದಲೇ ಚೆನ್ನಾಗಿ ಬರುತ್ತವೆಂಬುದು ನನ್ನ ಅಭಿಪ್ರಾಯ. ಮುನ್ನೆಲೆಯ ಬಂಡೆಗೂ ಹುಲ್ಲಿಗೂ ಆಗ ಒಂದು ಗಾಂಭೀರ್ಯ ಬರುತ್ತದೆ. ಇದಕ್ಕೆ ಅಪವಾದವುಂಟು: ವೀಕ್ಷಣಾಸ್ಥಳಗಳಲ್ಲಿ ಎದೆಮಟ್ಟದ ಕಟಾಂಜನದ ಹಿಂದೆ ನಿಂತವನಿಗೆ ಗಿಡ್ಡ ಟ್ರೈಪಾಡಿನಿಂದ ಕಾಣುವುದು ಕಬ್ಬಿಣದ ಸರಳುಗಳು ಮಾತ್ರ. ಅಂಥ ಕಡೆಗಳಲ್ಲಿಯೇ ಹೆಚ್ಚಾಗಿ ಚಿತ್ರ ತೆಗೆಯುವವರು ಎತ್ತರದ ಭಾರವನ್ನು ಹೊರಲೇಬೇಕು.

ನಡುವಿನ ಕಂಬದ, ಎಂದರೆ ಸೆಂಟರ್ ಕಾಲಮ್ಮಿನ, ವಿಷಯದಲ್ಲಿ ನಾನು ಸ್ವಲ್ಪ ಕಠೋರ. ಮೂರು ಕಾಲುಗಳನ್ನು ಹುಷಾರಾಗಿ ನೆಟ್ಟು, ಅವುಗಳ ನೆತ್ತಿಯ ಮೇಲೆ ಒಂಟಿಕಾಲಿನ ಕೋಲೊಂದನ್ನು ಏರಿಸಿ, ಅದರ ತುದಿಯಲ್ಲಿ ಕ್ಯಾಮರಾವನ್ನು ಕೂರಿಸುವುದೆಂದರೆ ಸಂಪಾದಿಸಿದ ದಾರ್ಢ್ಯವನ್ನೆಲ್ಲ ಕೊನೆಯ ಗಳಿಗೆಯಲ್ಲಿ ಬಿಟ್ಟುಕೊಟ್ಟ ಹಾಗೆಯೇ ಸರಿ. ‘ಗರಿಷ್ಠ ಎತ್ತರ’ ಎಂದು ಪೆಟ್ಟಿಗೆಯ ಮೇಲೆ ಅಚ್ಚುಹಾಕಿರುವ ಅಂಕಿ ಬಹುಮಟ್ಟಿಗೆ ಈ ಕಂಬವನ್ನು ತುದಿಯವರೆಗೆ ಏರಿಸಿದಾಗಿನದು. ಕೊಳ್ಳುವವನು ಕೇಳಬೇಕಾದುದು ಕಂಬವನ್ನು ಇಳಿಸಿದಾಗಿನ ಎತ್ತರವನ್ನು. ಕಂಬವನ್ನು ಪೂರ್ತಿ ಕಳಚಿ ಮನೆಯಲ್ಲಿಯೇ ಬಿಟ್ಟುಬರಲು ಅನುಕೂಲವಿದ್ದರೆ ತೂಕವೂ ಇಳಿಯುತ್ತದೆ, ಕಾಲುಗಳನ್ನು ಅಗಲಿಸಿ ಕ್ಯಾಮರಾವನ್ನು ನೆಲಮಟ್ಟಕ್ಕೆ ತರಲೂ ಸಾಧ್ಯವಾಗುತ್ತದೆ. ಆಗುಂಬೆಯ ತರಗೆಲೆಗಳ ನಡುವೆ ಕಪ್ಪೆಯನ್ನೋ ಅಣಬೆಯನ್ನೋ ಚಿತ್ರಿಸುವವರಿಗೆ ಇದೊಂದು ದೊಡ್ಡ ಉಪಕಾರ. ಇನ್ನು, ಕಾಲುಗಳ ನಡುವೆ ಅಡ್ಡಪಟ್ಟಿಗಳನ್ನು ಜೋಡಿಸಿರುವ ಅಗ್ಗದ ಟ್ರೈಪಾಡುಗಳು ಮದುವೆಮಂಟಪದ ಸಮನೆಲಕ್ಕೆ ಸರಿಯೇ ಹೊರತು ಬೆಟ್ಟಗುಡ್ಡಗಳಿಗಲ್ಲ. ಮೂರು ಕಾಲುಗಳೂ ಒಂದೇ ಕೋನದಲ್ಲಿ ತೆರೆಯಬೇಕಾದ ಕಟ್ಟು ಅವಕ್ಕಿರುವುದರಿಂದ ಓರೆಬಂಡೆಯ ಮೇಲೆ ನಿಲ್ಲಿಸುವುದು ದುಸ್ಸಾಧ್ಯ.

ಯಾವ ಲೋಹ, ಯಾವ ವಸ್ತು ಎಂಬ ಪ್ರಶ್ನೆಗೆ ಜಗತ್ತು ಬಹುಕಾಲ ಮರವೆಂದೇ ಉತ್ತರ ಕೊಟ್ಟಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಅವಶೇಷಗಳನ್ನು ಚಿತ್ರಿಸಿದಾಗ ಬಳಸಿದ ಕಾಗದದ ನೆಗೆಟಿವ್‌ಗಳು ಒಂದು ಅಡಿಗೂ ಮಿಕ್ಕಿದ ಅಗಲದವು. ಅಂಥ ಕಾಗದಕ್ಕೆ ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಬೆಳಕೂಡಬೇಕಾಗಿದ್ದ ಆ ಕಾಲದಲ್ಲಿ, ಆ ಗಾತ್ರದ ಪೆಟ್ಟಿಗೆಯನ್ನು ಅಲುಗದಂತೆ ಹಿಡಿದು ನಿಲ್ಲಿಸುವ ಪೀಠದ ತೂಕವನ್ನು ಊಹಿಸಿಕೊಳ್ಳಬಹುದು. ಹೊರುವ ಹೆಗಲು ಚಿತ್ರ ತೆಗೆಯುವವನದೇ ಆಗಿರಬೇಕೆಂಬ ನಿಯಮ ಅಂದಿನ ದೊರೆಗಳಿಗೆ ಇರಲಿಲ್ಲವೆಂಬುದನ್ನೂ ನೆನೆಯಬಹುದು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕ ಗ್ರೀನ್‌ಲಾ ನಿಂತಿದ್ದ ತಾಣಗಳನ್ನೇ ಹುಡುಕಿ, ಅದೇ ದೃಷ್ಟಿಕೋನದಿಂದ ಹಂಪೆಯನ್ನು ಮತ್ತೆ ಚಿತ್ರಿಸಿದರು. ಕಳಶವೊಂದರ ತುದಿ ಹಿಂದಿನ ಬಂಡೆಯ ಅಂಚಿಗೆ ಹಳೆಯ ಚಿತ್ರದಲ್ಲಿದ್ದಂತೆಯೇ ತಾಗಬೇಕಾದರೆ ಕ್ಯಾಮರಾವನ್ನು ಅಂಗುಲ ಅಂಗುಲವಾಗಿ ಸರಿಸಿ ನಿಲ್ಲಿಸಬೇಕು. ಕೈಯಲ್ಲಿ ಹಿಡಿದ ಕ್ಯಾಮರಾದಿಂದ ಆಗುವ ಕೆಲಸವಲ್ಲ ಅದು. ಮುಕ್ಕಾಲಿಯ ಪ್ರಯೋಜನ ನಡುಕವನ್ನು ತಡೆಯುವುದರಲ್ಲಿ ಮಾತ್ರವಿಲ್ಲ. (ಹಂಪೆಯಲ್ಲಿ ಇಂದು ಟ್ರೈಪಾಡು ನಿಲ್ಲಿಸಬೇಕೆನ್ನುವವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.)

ಮರಕ್ಕೆ ಕಂಪನವನ್ನು ಬೇಗ ನುಂಗಿಬಿಡುವ ಗುಣವಿದೆ, ಬಿಸಿಲಿಗೆ ಅದು ಲೋಹದಷ್ಟು ಹಿಗ್ಗುವುದೂ ಇಲ್ಲ. ಭೂಮಾಪಕರು ನಿಖರವಾದ ಅಳತೆಯ ಕೆಲಸಕ್ಕೆ ಈಗಲೂ ಮರದ ಕಾಲುಗಳನ್ನು ಆದರಿಸುವುದು ಈ ಕಾರಣದಿಂದಲೇ. ಜರ್ಮನಿಯ ಬೆರ್ಲೆಬಾಖ್ ಸಂಸ್ಥೆ ಛಾಯಾಗ್ರಾಹಕರಿಗಾಗಿ ಆಶ್ ಮರದ ಟ್ರೈಪಾಡುಗಳನ್ನು ಇಂದಿಗೂ ಮಾಡುತ್ತದೆ. ಅವು ಸೊಗಸಾಗಿವೆ, ಭಾರವೂ ಆಗಿವೆ. ಅಲ್ಯೂಮಿನಿಯಂ ಅಗ್ಗ, ಗಟ್ಟಿ, ಪೆಟ್ಟು ಬಿದ್ದರೆ ನೆಗ್ಗುತ್ತದೆಯೇ ಹೊರತು ಒಡೆಯುವುದಿಲ್ಲ. ಆದರೆ ಅದರೊಳಗೆ ಹೊಕ್ಕ ಕಂಪನ ಬಹುಹೊತ್ತು ಗುಣುಗುಣಿಸುತ್ತಿರುತ್ತದೆ. ಮೂಲತಃ ಫ್ರಾನ್ಸಿನ ಗಿಟ್ಜೋ ಸಂಸ್ಥೆ 1994ರಲ್ಲಿ ಕಾರ್ಬನ್ ಫೈಬರಿನ ಟ್ರೈಪಾಡನ್ನು ಮಾರುಕಟ್ಟೆಗೆ ತಂದಂದಿನಿಂದ ಹೊರಾಂಗಣದ ಛಾಯಾಗ್ರಾಹಕರ ಒಲವು ಅತ್ತ ಹರಿದಿದೆ. ಇಂಗಾಲದ ನವಿರೆಳೆಗಳನ್ನು ರಾಳದಲ್ಲಿ ಅದ್ದಿ ಕೊಳವೆಯಾಗಿ ಸುತ್ತಿದ ಈ ವಸ್ತು, ಘನ ಸೆಂಟಿಮೀಟರಿಗೆ 2.7 ಗ್ರಾಂ ತೂಗುವ ಅಲ್ಯೂಮಿನಿಯಂ ಎದುರಿಗೆ ಸುಮಾರು 1.6 ಗ್ರಾಂ ಮಾತ್ರ ತೂಗಿ, ಅದಕ್ಕಿಂತ ಬಿಗಿಯಾಗಿ ನಿಂತು, ಕಂಪನವನ್ನೂ ಬೇಗ ಅಡಗಿಸುತ್ತದೆ. ಬೆಲೆ ಮಾತ್ರ ಎರಡು ಪಟ್ಟಿಗೂ ಮಿಕ್ಕೀತು. ಆದರೆ ಹೆಸರಿಗೆ ಮರುಳಾಗಬಾರದು: ಸಣಕಲು ಕೊಳವೆಯ ಕಾರ್ಬನ್ನಿಗಿಂತ ದಪ್ಪ ಕೊಳವೆಯ ಅಲ್ಯೂಮಿನಿಯಂ ಎಷ್ಟೋ ಮೇಲು. ಇಡೀ ಟ್ರೈಪಾಡಿನಲ್ಲಿ ಕೊಳವೆಗಳ ತೂಕ ಒಂದು ಭಾಗವಷ್ಟೇ ಆಗಿ, ಉಳಿದುದೆಲ್ಲ ಕೀಲು, ಬೀಗ, ತಲೆಗಳ ಲೋಹವಾದ್ದರಿಂದ, ಕಾರ್ಬನ್ನಿಗೆ ಬದಲಾಯಿಸಿದಾಗ ಇಳಿಯುವ ತೂಕ ಕೆಲವು ಸಣ್ಣ ಮಾದರಿಗಳಲ್ಲಿ ಮುನ್ನೂರು ಗ್ರಾಮಿನಷ್ಟೇ ಇರುತ್ತದೆ. ಅಷ್ಟಕ್ಕೆ ಅಷ್ಟು ಹಣ ಸಲ್ಲುವುದೋ ಇಲ್ಲವೋ ಎಂಬುದನ್ನು ಅವರವರ ಮಂಡಿಚಿಪ್ಪುಗಳೇ ತೀರ್ಮಾನಿಸಬೇಕು.

‘15 ಕಿಲೋಗ್ರಾಂ ಹೊರಬಲ್ಲದು’ ಎಂಬಂಥ ಘೋಷಣೆಗಳನ್ನು ನಾನು ಓದುವುದೇ ಬಿಟ್ಟಿದ್ದೇನೆ. ಎಲ್ಲ ತಯಾರಕರೂ ಒಪ್ಪಿ ನಡೆಯುವ ಅಳತೆಗೋಲು ಇದಕ್ಕಿಲ್ಲ. ಅಷ್ಟು ಭಾರಕ್ಕೆ ಕುಸಿಯುವುದಿಲ್ಲವೆಂಬುದು ಅದರ ಅರ್ಥವೇ ಹೊರತು ಅಷ್ಟು ಭಾರವನ್ನು ನಡುಗದೆ ಹಿಡಿಯುತ್ತದೆಯೆಂದಲ್ಲ. ಕೆಳಗಿನ ಕೊಕ್ಕೆಗೆ ಬೆನ್ನುಚೀಲವನ್ನು ತೂಗುಹಾಕಿ ಹಗುರ ಟ್ರೈಪಾಡನ್ನು ಭಾರವಾಗಿಸುವ ಉಪಾಯವೂ ಇಂಥದೇ. ಗಾಳಿಗೆ ಉರುಳದಂತೆ ಅದು ತಡೆದೀತು, ಕೊಳವೆಯ ಬಿಗಿಯನ್ನು ಹೆಚ್ಚಿಸಲಾರದು. ಚೀಲ ಗಾಳಿಗೆ ತೂಗಾಡತೊಡಗಿದರೆ ಇಲ್ಲದ ನಡುಕವನ್ನು ತಾನೇ ತಂದೊಡ್ಡುತ್ತದೆ. ಚೀಲದ ತಳ ನೆಲಕ್ಕೆ ತುಸು ತಾಗುವಂತೆ ಹಗ್ಗದ ಉದ್ದವನ್ನು ಹೊಂದಿಸಿದರೆ ಆ ದೋಷ ತಪ್ಪುತ್ತದೆ.

ಟ್ರೈಪಾಡಿನ ತಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆದರೆ ಬಿಡುವಂತೆಯೂ ಇಲ್ಲ. ಒಳ್ಳೆಯ ಕಾಲುಗಳ ಮೇಲೆ ಕಳಪೆ ತಲೆಯನ್ನು ಕೂರಿಸಿ ಎಲ್ಲವನ್ನೂ ಕೆಡಿಸಿಕೊಂಡವರು ಅನೇಕರು. ಬೆಟ್ಟ ಹತ್ತುವವನಿಗೆ ಬಾಲ್ ಹೆಡ್ ಎಂಬ ಗುಂಡುತಲೆಯೇ ಯೋಗ್ಯ. ಒಂದೇ ತಿರುಪಿನಿಂದ ಎಲ್ಲ ದಿಕ್ಕುಗಳೂ ಬಿಗಿಯಾಗುತ್ತವೆ, ಚಾಚಿಕೊಂಡ ಹಿಡಿಗಳು ಚೀಲದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಗುಂಡಿನ ವ್ಯಾಸ 36 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಸಾಮಾನ್ಯ ಲೆನ್ಸುಗಳಿಗೆ ಸಾಕು. ಬಿಗಿದು ಕೈಬಿಟ್ಟೊಡನೆ ಲೆನ್ಸಿನ ಮೂತಿ ಕೂದಲೆಳೆಯಷ್ಟು ಕೆಳಗೆ ಜಾರುವ ತಲೆಗಳುಂಟು; ಅಂಥವನ್ನು ಎಷ್ಟೇ ಹಗುರವಾಗಿದ್ದರೂ ದೂರವಿಡಬೇಕು. ಕ್ಯಾಮರಾದ ತಳಕ್ಕೆ ಬಿಗಿಯುವ ಪ್ಲೇಟು ಆರ್ಕಾ ಸ್ವಿಸ್ ಮಾದರಿಯದಾಗಿದ್ದರೆ ಬೇರೆ ಬೇರೆ ತಯಾರಕರ ತಲೆಗಳಿಗೆ ಹೊಂದುತ್ತದೆ. ತಲೆಯನ್ನು ಕಾಲಿಗೆ ಸೇರಿಸುವ ತಿರುಪು ಸಾಮಾನ್ಯವಾಗಿ 3/8 ಅಂಗುಲದ್ದು, ಕ್ಯಾಮರಾವನ್ನು ಹಿಡಿಯುವುದು 1/4 ಅಂಗುಲದ್ದು, ಅದರಲ್ಲಿ ಅಂಗುಲಕ್ಕೆ 20 ಸುತ್ತು. ಮೀಟರು, ಸೆಂಟಿಮೀಟರುಗಳ ಜಪಾನಿನಲ್ಲಿ ತಯಾರಾದ ಕ್ಯಾಮರಾಗಳೂ ಈ ಅಂಗುಲದ ತಿರುಪಿಗೆ ಇಂದಿಗೂ ನಿಷ್ಠವಾಗಿವೆ. ಉದ್ದದ ಲೆನ್ಸಿಗೆ ತನ್ನದೇ ಆದ ಕಾಲರ್ ಇದ್ದರೆ, ಕ್ಯಾಮರಾವನ್ನಲ್ಲ, ಆ ಕಾಲರನ್ನೇ ತಲೆಗೆ ಬಿಗಿಯತಕ್ಕದ್ದು.

ನಮ್ಮ ಹವೆಗೆ ತಕ್ಕ ಬೀಗ ಯಾವುದು? ಹಿಡಿಯನ್ನು ಮಡಿಸಿ ಮುಚ್ಚುವ ಫ್ಲಿಪ್ ಲಾಕ್ ಬೇಗ ಕೆಲಸ ಮಾಡುತ್ತದೆ, ಮುಚ್ಚಿದೆಯೋ ಇಲ್ಲವೋ ಎಂಬುದು ದೂರದಿಂದಲೇ ಕಾಣುತ್ತದೆ. ಆದರೆ ಕುರುಚಲು ಕಾಡಿನಲ್ಲಿ ಬಳ್ಳಿಗಳಿಗೆ ಸಿಕ್ಕಿ ತೆರೆದುಕೊಳ್ಳುವುದುಂಟು. ತಿರುಚಿ ಬಿಗಿಯುವ ಟ್ವಿಸ್ಟ್ ಲಾಕ್ ನಯವಾಗಿ ಅಡಕವಾಗಿರುತ್ತದೆ. ಮರಳು ಹೊಕ್ಕರೆ ಕರಕರನೆ ಅರೆಯುತ್ತದೆ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು, ಬಿಚ್ಚಿ ತೊಳೆಯಲು ಬರುವಂತಿದ್ದರೆ ಸರಿ. ಕಾಲುಗಳನ್ನು ಎಳೆಯುವಾಗ ಮೇಲಿನ ದಪ್ಪ ಖಂಡಗಳನ್ನು ಮೊದಲು ಎಳೆಯಬೇಕೆಂಬುದು ಸಾಮಾನ್ಯ ವಿಧಿ. ಹೊಳೆಯೊಳಗೋ ಕಡಲ ದಡದ ಮರಳಿನಲ್ಲೋ ನಿಲ್ಲಿಸುವಾಗ ಮಾತ್ರ ಇದನ್ನು ತಿರುಗುಮುರುಗು ಮಾಡಿ, ಕೊನೆಯ ಖಂಡವನ್ನೇ ಪೂರ್ತಿ ಎಳೆದರೆ ಬೀಗಗಳು ನೀರಿನಿಂದಲೂ ಮರಳಿನಿಂದಲೂ ಮೇಲೆ ಉಳಿಯುತ್ತವೆ. ಮಲ್ಪೆಯ ಕಡಲಿಂದ ಮರಳಿದ ಟ್ರೈಪಾಡಿಗೆ ಅದೇ ರಾತ್ರಿ ಸಿಹಿನೀರಿನ ಸ್ನಾನವಾಗಲೇಬೇಕು. ಪಾದಗಳ ವಿಷಯದಲ್ಲಿ, ಬಂಡೆಗೂ ಕಲ್ಲುಹಾಸಿಗೂ ರಬ್ಬರು, ಹುಲ್ಲಿಗೂ ಜಂಬಿಟ್ಟಿಗೆಯ ಕೆಸರಿಗೂ ಉಕ್ಕಿನ ಮೊಳೆ; ಹುಲ್ಲಿನ ಮೆತ್ತೆಯ ಮೇಲೆ ರಬ್ಬರಿನ ಪಾದವನ್ನು ಊರಿದರೆ ಟ್ರೈಪಾಡು ಎಷ್ಟೇ ಉತ್ತಮವಾದುದಾದರೂ ನೆಲವೇ ನಡುಗುತ್ತಿರುತ್ತದೆ. ಇಳಿಜಾರಿನಲ್ಲಿ ಎರಡು ಕಾಲು ತಗ್ಗಿಗೆ, ಒಂದು ಕಾಲು ಏರಿಗೆ ಎಂಬ ಭೂಮಾಪಕರ ಕ್ರಮವನ್ನು ನಾವೂ ಪಾಲಿಸಬಹುದು. ತೂಗುಸೇತುವೆಯ ಮೇಲೆ ಯಾವ ಕ್ರಮವೂ ನಡೆಯದು. ಕಬಿನಿಯ ಸಫಾರಿ ಜೀಪಿನಲ್ಲಂತೂ ಟ್ರೈಪಾಡು ಕೇವಲ ಅಡಚಣೆ. ಅಕ್ಕಿಯನ್ನೋ ಕಾಳನ್ನೋ ತುಂಬಿದ ಬಟ್ಟೆಯ ಚೀಲ ಅಲ್ಲಿ ಅದಕ್ಕಿಂತ ಸಾವಿರ ಪಾಲು ಮೇಲು.

ಅಂಗಡಿಗೆ ಹೋಗುವಾಗ ಕ್ಯಾಮರಾವನ್ನೂ ಅತ್ಯಂತ ಉದ್ದದ ಲೆನ್ಸನ್ನೂ ಜೊತೆಗೆ ಕೊಂಡೊಯ್ಯಿರಿ. ಟ್ರೈಪಾಡನ್ನು ನೀವು ನಿಜವಾಗಿ ಬಳಸುವ ಎತ್ತರಕ್ಕೆ ಏರಿಸಿ, ಎದುರು ಬೀದಿಯ ಫಲಕವೊಂದರ ಅಕ್ಷರವನ್ನು ಕ್ಯಾಮರಾದ ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ನೋಡುತ್ತ, ಒಂದು ಕಾಲಿನ ನಡುಭಾಗವನ್ನು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿರಿ. ಅಕ್ಷರ ಕುಣಿಯುತ್ತದೆ; ಕುಣಿಯದ ಟ್ರೈಪಾಡು ಇಲ್ಲ. ಎಷ್ಟು ಹೊತ್ತು ಕುಣಿಯುತ್ತದೆಂಬುದನ್ನು ಗಮನಿಸಿ. ಒಂದು ಸೆಕೆಂಡಿನೊಳಗೆ ಅಡಗಿದರೆ ಉತ್ತಮ, ಎರಡು ಸೆಕೆಂಡಾದರೆ ಸಹಿಸಬಹುದು, ಅದಕ್ಕೂ ಮೀರಿ ಅಲೆಯುತ್ತಿದ್ದರೆ ಮುಂದಿನದನ್ನು ತರಿಸಿರಿ. ಕ್ಯಾಮರಾದ ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಈ ಕಾರಣಕ್ಕಾಗಿಯೇ ಉಪಯುಕ್ತವಾದುದು. ಗುಂಡಿ ಒತ್ತಿದ ಬೆರಳಿನ ನಡುಕ ಅಷ್ಟರಲ್ಲಿ ತೀರಿಹೋಗಿರುತ್ತದೆ. ಅದಾದ ಮೇಲೆ ತಲೆಯನ್ನು ಹಿಡಿದು, ಒದ್ದೆ ಬಟ್ಟೆಯನ್ನು ಹಿಂಡುವ ರೀತಿಯಲ್ಲಿ ತುಸು ತಿರುಚಿ ನೋಡಿರಿ. ಅಗ್ಗದ ಟ್ರೈಪಾಡುಗಳ ಗುಟ್ಟು ಬಯಲಾಗುವುದು ಬಾಗುವಾಗಲ್ಲ, ತಿರುಚುವಾಗ.

ಹೊಸದಕ್ಕೆ ಕೈ ಸಾಲದಿದ್ದರೆ ಹಳೆಯದನ್ನು ಕೊಳ್ಳುವುದರಲ್ಲಿ ಸಂಕೋಚ ಬೇಡ. ಕ್ಯಾಮರಾ ಐದಾರು ವರ್ಷಗಳಲ್ಲಿ ಹಳತಾಗಿಬಿಡುತ್ತದೆ. ಟ್ರೈಪಾಡಿಗೆ ಆ ಶಾಪವಿಲ್ಲ. ಮೂರು ಖಂಡಗಳ, ದಪ್ಪ ಕೊಳವೆಯ, ಹತ್ತು ಹದಿನೈದು ವರ್ಷ ದುಡಿದ ಅಲ್ಯೂಮಿನಿಯಂ ಟ್ರೈಪಾಡು ಸವೆದ ಪಾದಗಳಿಗೂ ಸಡಿಲವಾದ ತಿರುಪುಗಳಿಗೂ ಸ್ವಲ್ಪ ಖರ್ಚು ಮಾಡಿದರೆ ಮತ್ತೆ ಅಷ್ಟೇ ಕಾಲ ನಿಲ್ಲುತ್ತದೆ. ಕಾರ್ಬನ್ನಿನ ಹಳೆಯದಾದರೆ ಮಾತ್ರ ಒಂದೊಂದು ಕಾಲನ್ನೂ ಪೂರ್ತಿ ಎಳೆದು, ಬೀಗಗಳ ಹತ್ತಿರವೂ ನೆತ್ತಿಯ ಕೀಲಿನ ಹತ್ತಿರವೂ ನಾಣ್ಯದಿಂದ ತಟ್ಟಿ ಸದ್ದನ್ನು ಕೇಳಬೇಕು: ಉದ್ದಕ್ಕೂ ಒಂದೇ ಸ್ವರ ಬರುತ್ತಿದ್ದು ಒಂದೆಡೆ ಮಾತ್ರ ಮಂಕು ಸದ್ದಾದರೆ ಒಳಗೆ ಬಿರುಕಿದೆಯೆಂದು ಶಂಕಿಸಬೇಕು, ಮಾರುವವನು ಎಷ್ಟು ಕಡಿಮೆ ಬೆಲೆ ಹೇಳಿದರೂ ಹಿಂದಿರುಗಿಸಿಬಿಡಬೇಕು. ನೆತ್ತಿಯ ಕೀಲುಗಳನ್ನು ಬಿಗಿಯುವ ಅಲೆನ್ ಕೀಲಿಯನ್ನು ಮಾರುವವನಿಂದ ಕೇಳಿ ಪಡೆದುಕೊಳ್ಳಿ. ಅವನ ಬಳಿ ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ಸಿಗುತ್ತದೆ, ಅಳತೆ ತಪ್ಪದಂತೆ ಟ್ರೈಪಾಡನ್ನೇ ಜೊತೆಗೆ ಒಯ್ಯಿರಿ.